ಮೂವತ್ತು ಗಂಟಿನ ದಾರ

ಊರಿನಲ್ಲಿ ಇನ್ನೂರ ನಲವತ್ತು ಮನೆಗಳಿದ್ದವು.

ಪ್ರತಿ ಮನೆಗೂ ಒಂದೇ ಬಾಗಿಲು. ಎಲ್ಲ ಬಾಗಿಲುಗಳೂ ಒಂದೇ ಎತ್ತರ.

ಬಾಗಿಲಿನ ಎತ್ತರವೆಂದರೆ ಊರಿನ ಜನರ ಸರಾಸರಿ ಎತ್ತರ.

ಸರಾಸರಿಯನ್ನು ವರ್ಷಕ್ಕೊಮ್ಮೆ, ಅಳತೆಯ ದಿನ, ಅಳತೆಮನೆಯಲ್ಲಿ ಕಂಡುಹಿಡಿಯುತ್ತಿದ್ದರು.

ಅಳತೆಗೆ ಬಂದವರು ಅಳತೆಮನೆಯ ಬಾಗಿಲು ದಾಟುವಾಗ, ಹೊಸ್ತಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ, ಅವರ ಎತ್ತರವನ್ನು ಅಳತೆಗೋಲಿನಿಂದ ಓದುತ್ತಿದ್ದರು.

ಬಾಗಿಲು ದಾಟುವಾಗ ಬುದ್ಧಿಯಿದ್ದವರು ಬಾಗುತ್ತಾರೆ. ತಲೆಗೂ ಮೇಲಿನ ಹಲಗೆಗೂ ನಡುವೆ ಎರಡು ಬೆರಳು ಜಾಗ ಬಿಡುತ್ತಾರೆ.

ಆದ್ದರಿಂದ ಪ್ರತಿ ವರ್ಷದ ಸರಾಸರಿಯೂ ಆ ವರ್ಷದ ಬಾಗಿಲಿಗಿಂತ ಎರಡು ಬೆರಳು ಕಡಿಮೆ ಬರುತ್ತಿತ್ತು.

ಮರುದಿನದಿಂದ ಬಡಗಿ ಪ್ರತಿ ಬಾಗಿಲಿನ ಮೇಲ್ಗಡೆಗೆ ಎರಡು ಬೆರಳು ಅಗಲದ ಒಂದು ಹಲಗೆ ಸೇರಿಸುತ್ತಿದ್ದ.

ಇದು ಇಪ್ಪತ್ತು ವರ್ಷ ನಡೆದಿತ್ತು. ಬಾಗಿಲು ಈಗ ನಿಂತವರ ಮೊಣಕೈ ಮಟ್ಟಕ್ಕೆ ಇಳಿದಿತ್ತು.

ಊರಿನಲ್ಲಿ ಯಾರೂ ಕುಳ್ಳಗಾಗಿರಲಿಲ್ಲ.

ಅಳತೆಯ ವಿದ್ಯೆ ಕಲಿಯಲು ಹೊರ ಊರಿಗೆ ಹೋಗಿದ್ದ ಅಳತೆಗಾತಿ ಮೂರು ವರ್ಷದ ಮೇಲೆ, ಪದವಿ ಪಡೆದು, ಅಳತೆಯ ದಿನಕ್ಕೆ ಒಂಬತ್ತು ದಿನ ಮುಂಚೆ ಹಿಂತಿರುಗಿದಳು. ಊರಿನ ಮೊದಲ ಬಾಗಿಲಿಗೇ ಹಣೆ ಹೊಡೆದುಕೊಂಡು ಬುಗುಟೆ ಎದ್ದಿತು. ತಾನು ಹೋಗುವಾಗ ಬಾಗಿಲು ಇದಕ್ಕಿಂತ ಆರು ಬೆರಳು ಎತ್ತರವಿತ್ತೆಂದು ಅವಳಿಗೆ ನೆನಪಿತ್ತು, ಹಣೆಗೆ ನೆನಪಿರಲಿಲ್ಲ. ಬೀದಿಯಲ್ಲಿ ಜನ ಸೊಂಟದಿಂದ ಮೇಲೆ ಬಾಗಿಕೊಂಡು ಓಡಾಡುತ್ತಿದ್ದರು. ಬಯಲಿನಲ್ಲೂ ಬಾಗಿದ್ದರು, ಬಾವಿಯ ಕಟ್ಟೆಯ ಮೇಲೂ ಬಾಗಿದ್ದರು. ಪದೇ ಪದೇ ನೆಟ್ಟಗಾಗುವುದು ಬೆನ್ನಿಗೆ ದಂಡವೆಂದು, ಒಮ್ಮೆ ಬಾಗಿದರೆ ದಿನದ ಕೆಲಸ ಮುಗಿಯುವವರೆಗೂ ಸಾಕೆಂದು ಅವರ ಲೆಕ್ಕ.

ಅವಳು ನೇರ ಅಕ್ಕನ ಮನೆಗೆ ಹೋದಳು. ಅವಳನ್ನು ಸಾಕಿದ್ದು ಅಕ್ಕ, ಓದಲು ಕಳಿಸಿದ್ದೂ ಅಕ್ಕ. ಬಾಗಿಲು ಬಡಿದರೆ ಕಿಟಕಿಯಲ್ಲಿ ದನಿ ಬಂತು. ತಂಗಿ ಓದಲು ಹೊರಟ ತಿಂಗಳಲ್ಲೇ, ಆ ವರ್ಷದ ಅಳತೆ ಮುಗಿದ ಮೇಲೆ, ಹುಣಸೆಹಣ್ಣು ಇಳಿಸಲು ಅಟ್ಟ ಹತ್ತಿದ ಅಕ್ಕ ಕೆಳಗೆ ಬಿದ್ದಿದ್ದಳು. ಸೊಂಟದ ಮೂಳೆ ಕೂಡಿತ್ತು, ಆದರೆ ಕೋಲಿನಂತೆ ಕೂಡಿತ್ತು. ಅವಳು ನಿಲ್ಲಬಲ್ಲಳು, ಮಲಗಬಲ್ಲಳು. ಬಾಗಲಾರಳು. ಬಾಗದವಳು ಬಾಗಿಲು ದಾಟಲಾರಳು. ಅಂದಿನಿಂದ ಅವಳು ಒಳಗೇ ಇದ್ದಳು.

ಇದರಲ್ಲಿ ಒಂದು ಸಂಗತಿ ಬೆಳೆಯುತ್ತಿತ್ತು. ಊರಿನ ನಿಯಮದಂತೆ ಯಾವ ಮನೆಯಿಂದ ಮೂರು ವರ್ಷ ಸತತವಾಗಿ ಯಾರೂ ಅಳತೆಗೆ ಬರುವುದಿಲ್ಲವೋ ಅದು ಖಾಲಿ ಮನೆ. ಖಾಲಿ ಮನೆಯ ಬಾಗಿಲನ್ನು ಗಾರೆಯವನು ಇಟ್ಟಿಗೆಯಿಂದ ಮುಚ್ಚುತ್ತಾನೆ. ಅಕ್ಕ ಎರಡು ವರ್ಷ ಹೋಗಿರಲಿಲ್ಲ. ಇದು ಮೂರನೆಯದು. ತಂಗಿಯನ್ನು ಆ ಮನೆಯವಳೆಂದು ಎಣಿಸುವಂತಿರಲಿಲ್ಲ, ಏಕೆಂದರೆ ಅಳೆಯುವವರು ಅಳತೆಮನೆಯಲ್ಲೇ ವಾಸಿಸಬೇಕು, ಮತ್ತು ಅಳೆಯುವವರನ್ನು ಯಾರೂ ಅಳೆಯುವುದಿಲ್ಲ.

ಮಲಗಿಸಿ ಹೊರಗೆ ಎಳೆದುಕೊಳ್ಳುತ್ತೇನೆ ಎಂದಳು ತಂಗಿ. ಅಕ್ಕ ಕಿಟಕಿಯಲ್ಲಿ ನಕ್ಕಳು. ಆ ಊರಿನಲ್ಲಿ ಮಲಗಿಕೊಂಡು ಬಾಗಿಲು ದಾಟುವವರು ಒಂದೇ ಬಗೆಯವರು. ಅವರಿಗೆ ಬೇರೆ ಪುಸ್ತಕವಿತ್ತು, ಆ ಪುಸ್ತಕದಲ್ಲಿ ಬರೆದ ಹೆಸರನ್ನು ಅಳಿಸುವ ಕ್ರಮವಿರಲಿಲ್ಲ.

“ಅಲ್ಲಿ ಹೆಣ, ಇಲ್ಲಿ ಖಾಲಿ,” ಎಂದಳು ಅಕ್ಕ. “ಎರಡರಲ್ಲಿ ಖಾಲಿಯೇ ವಾಸಿ ಪುಟ್ಟಿ, ಮಜ್ಜಿಗೆಯಾದರೂ ಬರುತ್ತೆ.”

ಮಜ್ಜಿಗೆ ತರುತ್ತಿದ್ದವಳು ಪಕ್ಕದ ಮನೆಯಾಕೆ. ದಿನವೂ ಬೆಳಿಗ್ಗೆ ಬಾಗಿಕೊಂಡು ಬಂದು ಕಿಟಕಿಯಲ್ಲಿ ಚೊಂಬು ಇಟ್ಟು, ಅಕ್ಕನ ಜೊತೆ ಅರ್ಧ ಗಳಿಗೆ ಮಾತಾಡಿ ಹೋಗುತ್ತಿದ್ದಳು. ಎರಡು ವರ್ಷವೂ ಆ ಮನೆ ಖಾಲಿಯೆಂಬ ಬರಹಕ್ಕೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದವಳೂ ಅವಳೇ. ಅದು ಹೇಗೆಂದು ಅಳತೆಗಾತಿ ತಣ್ಣಗೆ ಕೇಳಿದಾಗ ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಖಾಲಿ ಅಂತ ಬರೆದಿದೆ, ಓದಿ ಹೇಳಿದರು. ಬರೆದಿರೋದು ನಿಜ ತಾನೇ ಅಂತ ಒತ್ತಿದೆ ಕಣಮ್ಮ,” ಎಂದಳು. “ಮಜ್ಜಿಗೆ ವಿಚಾರ ಯಾರೂ ಕೇಳಲಿಲ್ಲ.”

ಅಳತೆಗಾತಿ ಅಳತೆಮನೆಗೆ ಹೋದಳು. ಅಲ್ಲಿ ಹಿರಿಯ ಅಳತೆಗಾರ ಕುಳಿತಿದ್ದ. ಇಪ್ಪತ್ತು ವರ್ಷ ಎಲ್ಲ ಅಂಕಿಗಳನ್ನೂ ಓದಿದವನು, ಕೂಡಿದವನು, ಭಾಗಿಸಿದವನು ಅವನೇ. ಒಳ್ಳೆಯವನು. ಒಬ್ಬರಿಗೂ ಕೇಡು ಬಯಸಿದವನಲ್ಲ, ಒಂದು ಸಲವೂ ಭಾಗಾಕಾರ ತಪ್ಪಿದವನಲ್ಲ. ಅವನು ಅವಳಿಗೆ ಇಪ್ಪತ್ತು ಪುಸ್ತಕಗಳನ್ನು ಒಂದೊಂದಾಗಿ ತೆರೆದು ತೋರಿಸಿದ. ಮೊದಲ ಪುಸ್ತಕದಲ್ಲಿ ಅಂಕಿಗಳು ಚೆಲ್ಲಾಪಿಲ್ಲಿ ಇದ್ದವು: ಒಬ್ಬ ಎತ್ತರ, ಒಬ್ಬ ಗಿಡ್ಡ, ಒಬ್ಬಳು ನಡುವೆ. ಕೊನೆಯ ಪುಸ್ತಕದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಅಂಕಿ. ಊರಿನಲ್ಲಿ ಮನುಷ್ಯರಿಗೂ ಮನುಷ್ಯರಿಗೂ ನಡುವೆ ಇದ್ದ ವ್ಯತ್ಯಾಸವನ್ನು ತಾನು ಸೊನ್ನೆಗೆ ತಂದೆನೆಂದು ಹೇಳುವಾಗ ಅವನ ಕಣ್ಣು ಒದ್ದೆಯಾಯಿತು.

ಅವರು ಬಾಗಿರುತ್ತಾರೆ, ಆದ್ದರಿಂದ ಗೋಲು ಓದುತ್ತಿರುವುದು ಜನರನ್ನಲ್ಲ, ಬಾಗಿಲನ್ನು, ಎಂದಳು ಅವಳು. ಬಾಗದೆ ಬಾಗಿಲು ದಾಟುವುದು ಹೇಗೆ ಎಂದು ಅವನು ಕೇಳಿದ. ಬಾಗಿಲಿಗೆ ತಲೆ ಬಡಿದುಕೊಂಡವರ ದೂರುಗಳನ್ನು ನೋಡಿ ಎಂದಳು. ಅವನು ಉತ್ಸಾಹದಿಂದ ದೂರಿನ ಪೆಟ್ಟಿಗೆ ತೆರೆದ. ಮೊದಲ ವರ್ಷ ಅರವತ್ತು ದೂರು ಬಂದಿದ್ದವು. ಕಳೆದ ವರ್ಷ ಒಂದೂ ಇಲ್ಲ. ಬಾಗಿಲು ಇಳಿದಷ್ಟೂ ತಲೆನೋವು ಕಡಿಮೆಯಾಗಿದೆ ಎಂಬುದು ಅವನು ಇದರಿಂದ ಕಂಡುಕೊಂಡ ಸತ್ಯ. ಪೆಟ್ಟಿಗೆಯನ್ನು ನೇತುಹಾಕಿದ್ದು ಅಳತೆಮನೆಯ ಹೊರಗೋಡೆಗೆ. ಮನೆಯಿಂದ ಹೊರಬರಲಾರದವರು ಅದರಲ್ಲಿ ಚೀಟಿ ಹಾಕುವುದು ಹೇಗೆಂದು ಅವಳು ಕೇಳಿದಳು. ಅಂಥವರಿಂದ ಈವರೆಗೆ ಒಂದು ದೂರೂ ಬಂದಿಲ್ಲ ಎಂದ ಅವನು.

“ಯಜಮಾನರೇ, ಅಳತೆಗೆ ಬಾರದವರ ಎತ್ತರ ಎಷ್ಟು?”

“ಬಾರದವರಿಗೆ ಎತ್ತರ ಇರುವುದಿಲ್ಲ ತಾಯಿ.”

ಅವಳು ಕಲಿತ ವಿದ್ಯೆಯಲ್ಲಿ ಇದಕ್ಕೊಂದು ದಾರಿ ಇತ್ತು. ಇನ್ನೂರ ನಲವತ್ತು ಮನೆಗಳಿಗೂ ಒಂದೊಂದು ಚೀಟಿ ಬರೆದು, ಮಡಕೆಯಲ್ಲಿ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಮೂವತ್ತು ಚೀಟಿ ಎತ್ತುವುದು; ಎತ್ತಿದ ಮನೆಗೆ ತಾನೇ ಹೋಗಿ ಅಳೆಯುವುದು. ಹಿರಿಯ ಅಳತೆಗಾರ ಇದನ್ನು ಕೇಳಿ ಕನಿಕರದಿಂದ ತಲೆಯಾಡಿಸಿದ. ತಾವಾಗಿ ಬಂದ ಇನ್ನೂರು ಜನರನ್ನು ಬಿಟ್ಟು ಮಡಕೆ ಹೇಳಿದ ಮೂವತ್ತು ಜನರನ್ನು ನಂಬುವುದು ವಿದ್ಯೆಯೋ ಜೂಜೋ ಎಂದು ಕೇಳಿದ. ಆದರೂ ಹೊಸಬರ ಉಮೇದಿಗೆ ಅಡ್ಡಿಯಾಗುವುದು ಅವನ ಸ್ವಭಾವವಲ್ಲ. ಮಾಡಿಕೋ, ಪುಸ್ತಕಕ್ಕೆ ಮಾತ್ರ ಸೇರಿಸಬೇಡ ಎಂದ.

ಅವಳು ಚೀಟಿ ಬರೆದಳು. ಮಡಕೆ ಕುಲುಕಿದಳು. ಮೂವತ್ತು ಮನೆ ಎತ್ತಿದಳು. ಅಕ್ಕನ ಮನೆ ಬರಲಿಲ್ಲ. ಮತ್ತೊಮ್ಮೆ ಎತ್ತುವ ಆಸೆಯಾಯಿತು, ಎತ್ತಲಿಲ್ಲ. ಮನೆಯಲ್ಲಿ ಯಾರನ್ನು ಅಳೆಯಬೇಕೆಂಬುದಕ್ಕೂ ಚೀಟಿ ಎತ್ತಿದಳು. ಮೊದಲ ಮನೆಯಲ್ಲಿ ಚೀಟಿ ಬಂದದ್ದು ಹಾಲು ಮಾರುವವನಿಗೆ. ನೆಟ್ಟಗೆ ನಿಲ್ಲಿ ಎಂದಳು. ಅವನು ನಿಂತ, ಬಾಗಿಯೇ ನಿಂತ. ಇನ್ನೂ ನೆಟ್ಟಗೆ ಎಂದಳು. ಅವನು ಗದ್ದವನ್ನು ಮೇಲೆತ್ತಿದ, ಬೆನ್ನು ಇದ್ದಲ್ಲೇ ಇತ್ತು. ಇದಕ್ಕಿಂತ ನೆಟ್ಟಗೆ ತನ್ನ ಬಳಿ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ.

ಅವಳು ಹೊಸ್ತಿಲ ಮೇಲೆ ಕುಳಿತು ಯೋಚಿಸಿದಳು. ಅಷ್ಟರಲ್ಲಿ ಊಟವಾಯಿತು, ಹಾಲು ಮಾರುವವನು ಚಾಪೆ ಹಾಸಿದ, ಮಲಗಿದ. ಮೊದಲು ಬೆಕ್ಕಿನಂತೆ ಮುದುಡಿಕೊಂಡ. ಆಮೇಲೆ ನಿದ್ದೆ ಬಂತು. ನಿದ್ದೆ ಬಂದದ್ದೇ ಕಾಲು ಚಾಚಿದ, ಬೆನ್ನು ಬಿಟ್ಟ, ಚಾಪೆಯ ಈ ಅಂಚಿನಿಂದ ಆ ಅಂಚಿನವರೆಗೆ ಮನುಷ್ಯನಾದ.

ನಿದ್ದೆಯಲ್ಲಿ ಊರಿನ ನಿಯಮ ಯಾರಿಗೂ ನೆನಪಿರುವುದಿಲ್ಲ.

ಅಂದಿನಿಂದ ಪ್ರತಿ ಮಧ್ಯಾಹ್ನ, ಊಟದ ಮೇಲೆ ಊರು ಮಲಗಿದ ಹೊತ್ತಿನಲ್ಲಿ, ಅವಳು ಉದ್ದನೆಯ ಒಂದು ದಾರ ಹಿಡಿದು ಹೊರಡುತ್ತಿದ್ದಳು. ಮನೆಯವರನ್ನು ಕೇಳಿ ಒಳಗೆ ಹೋಗುತ್ತಿದ್ದಳು. ದಾರದ ಒಂದು ತುದಿ ಹಿಮ್ಮಡಿಗೆ, ನೆತ್ತಿ ಬಂದಲ್ಲಿ ಗಂಟು. ಮತ್ತೊಂದು ಮನೆ, ಮತ್ತೊಂದು ಹಿಮ್ಮಡಿ, ಮತ್ತೊಂದು ನೆತ್ತಿ, ಮತ್ತೊಂದು ಗಂಟು. ಮುದುಡಿ ಮಲಗಿದವರು ಮಗ್ಗುಲು ಬದಲಿಸುವವರೆಗೆ ಕಾಯುತ್ತಿದ್ದಳು. ಚೀಟಿಯ ಮನೆ ಊರಿನ ಆ ಕೊನೆಯಲ್ಲಿದ್ದರೆ ಆ ಕೊನೆಗೇ ಹೋಗುತ್ತಿದ್ದಳು. ಹತ್ತಿರದ ಮನೆಯವರು ನಮ್ಮವನನ್ನೇ ಅಳೆದುಕೋ, ಇವನೂ ಮಲಗಿದ್ದಾನೆ ಎಂದರೂ ಒಪ್ಪುತ್ತಿರಲಿಲ್ಲ. ಇಪ್ಪತ್ತೊಂದನೆಯ ಮನೆಯಲ್ಲಿ ಮಲಗಿದ್ದವರ ಪಾದಗಳು ಮಂಚದ ಆಚೆಗೆ ಒಂದು ಗೇಣು ಚಾಚಿಕೊಂಡಿದ್ದವು. ಎಚ್ಚರವಾದಾಗ ಇಷ್ಟು ಉದ್ದ ಇರುವುದಿಲ್ಲ, ಯಾರಿಗೂ ಹೇಳಬೇಡ ಎಂದು ಅವರ ಹೆಂಡತಿ ಕೈ ಮುಗಿದಳು. ಅವಳು ಗಂಟು ಹಾಕಿದಳು, ಹೆಸರು ಹಾಕಲಿಲ್ಲ. ಮೂವತ್ತನೆಯ ಮನೆ ಬಡಗಿಯದು. ಅವನು ಕೆಲಸದ ಬೆಂಚಿನ ಮೇಲೆ ಕಣ್ಣು ಮುಚ್ಚಿ, ಹಲಗೆಯಷ್ಟೇ ನೆಟ್ಟಗೆ ಮಲಗಿದ್ದ.

ಮೂವತ್ತು ಗಂಟುಗಳೂ ಬಾಗಿಲಿಗಿಂತ ಎಷ್ಟೋ ಮೇಲಿದ್ದವು.

ದಾರವನ್ನು ಮುಂದಿಟ್ಟಾಗ ಹಿರಿಯ ಅಳತೆಗಾರ ಅದನ್ನು ಮುಟ್ಟಿ ನೋಡಿದ, ಗಂಟುಗಳ ಅಂದವನ್ನು ಮೆಚ್ಚಿದ. ಮಲಗಿದವರು ನಾಗರಿಕರಲ್ಲ, ಅವರಿಗೆ ಆ ಹೊತ್ತಿನಲ್ಲಿ ಪ್ರಜ್ಞೆ ಇರುವುದಿಲ್ಲ, ಪ್ರಜ್ಞೆಯುಳ್ಳ ಮನುಷ್ಯ ಬಾಗಿರುತ್ತಾನೆ ಎಂದ. ಹಾಗಾದರೆ ನಾಳೆ ಒಂದು ದಿನದ ಮಟ್ಟಿಗೆ ಅಳತೆಮನೆಯ ಬಾಗಿಲಿನ ಹಲಗೆಗಳನ್ನಷ್ಟೇ ತೆಗೆಸಲು ಅನುಮತಿ ಕೊಡಿ, ಉಳಿದುದೆಲ್ಲ ಹಾಗೆಯೇ ಇರಲಿ, ವ್ಯತ್ಯಾಸ ಬಂದರೆ ಅದು ಹಲಗೆಯದೆಂದು ತಿಳಿಯುತ್ತದೆ ಎಂದಳು. ಅವನು ತಕ್ಷಣ ಕೊಟ್ಟ. ಜನರ ಎತ್ತರ ಜನರಲ್ಲಿದೆ, ಹಲಗೆಯಲ್ಲಿಲ್ಲವೆಂಬ ನಂಬಿಕೆ ಅವನಿಗಿತ್ತು. ತನಗೂ ಅದೇ ನಂಬಿಕೆ ಇದೆಯೆಂದು ಅವಳು ಹೇಳಿದಳು. ಇಬ್ಬರೂ ಒಂದೇ ಮಾತಾಡಿ ಬೇರೆ ಬೇರೆ ಅರ್ಥದಲ್ಲಿ ಸಂತೋಷಪಟ್ಟರು.

ಅಳತೆಯ ದಿನ ಬೆಳಿಗ್ಗೆ ಬಡಗಿ ಬಂದು ಇಪ್ಪತ್ತು ಹಲಗೆಗಳನ್ನೂ ಕಳಚಿದ. ಇಪ್ಪತ್ತು ವರ್ಷದ ಹಿಂದಿನ ಬಾಗಿಲು ತೆರೆದುಕೊಂಡಿತು. ಜನ ಬಾಗಿದ್ದ ಎತ್ತರಕ್ಕೆ, ತಲೆಯ ಮೇಲೆ ಕೊಡ, ಕೊಡದ ಮೇಲೆ ಕೊಡ ಇಟ್ಟುಕೊಂಡರೂ ದಾಟಬಹುದಾಗಿತ್ತು. ಜನ ಸಾಲಾಗಿ ಬಂದರು.

ಬಂದರು, ಬಾಗಿದರು, ದಾಟಿದರು. ಗೋಲು ಓದಿದರು, ಅಂಕಿ ಬರೆದರು, ಮುಂದಿನವರನ್ನು ಕರೆದರು. ಮುಂದಿನವರು ಬಂದರು, ಬಾಗಿದರು, ದಾಟಿದರು. ಹಲಗೆ ಇಲ್ಲದಲ್ಲಿ ಹಲಗೆ ಎಲ್ಲಿದೆಯೆಂದು ತಿಳಿಯದೆ ಅವರು ಗಾಬರಿಗೊಂಡಿದ್ದರು. ಹಿಂದೆಲ್ಲ ಹಲಗೆಯನ್ನು ನೋಡಿಕೊಂಡು ಎರಡು ಬೆರಳು ಬಿಡುತ್ತಿದ್ದವರು ಈ ಸಲ, ಏನಿದೆಯೋ ಏನೋ ಎಂದು, ನಾಲ್ಕು ಬೆರಳು ಬಿಟ್ಟರು. ಒಬ್ಬ ಮುದುಕ ಕೈ ಮೇಲೆತ್ತಿ, ಇಲ್ಲದ ಹಲಗೆಯನ್ನು ಗಾಳಿಯಲ್ಲಿ ಸವರಿಕೊಂಡು, ಅದರ ಕೆಳಗೆ ನುಸುಳಿದ.

ಸರಾಸರಿ ನಾಲ್ಕು ಬೆರಳು ಇಳಿಯಿತು.

“ಕಂಡೆಯಾ,” ಎಂದ ಹಿರಿಯ ಅಳತೆಗಾರ, ಗೆದ್ದ ಸೊಕ್ಕಿಲ್ಲದೆ. “ಪಾಪ, ಹಲಗೆಗಳೇ ಇವರನ್ನು ಇಷ್ಟು ದಿನ ಎತ್ತಿ ಹಿಡಿದಿದ್ದವು.”

ಅಳತೆಗಾತಿಗೆ ಅಂದು ಊಟ ಸೇರಲಿಲ್ಲ. ಗೋಡೆಯನ್ನು ಕೆಡವುವುದು ಅವಳಿಗೆ ತಿಳಿದಿತ್ತು. ಗೋಡೆ ಬಿದ್ದ ಮೇಲೂ ಬೆನ್ನೊಳಗೆ ಉಳಿಯುವ ಗೋಡೆಯನ್ನು ಅವಳ ವಿದ್ಯೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ತನ್ನದೇ ಪ್ರಯೋಗದಿಂದ ಊರಿನ ಬಾಗಿಲು ಇನ್ನೂ ಇಳಿಯಲಿತ್ತು. ಅಕ್ಕನ ಮನೆಯಿಂದ ಈ ವರ್ಷವೂ ಯಾರೂ ಬಂದಿರಲಿಲ್ಲ. ಪುಸ್ತಕದಲ್ಲಿ ಖಾಲಿ ಎಂದು ಮೂರನೆಯ ಸಲ ಬಿತ್ತು.

ಮರುದಿನ ಬೆಳಿಗ್ಗೆ ಗಾರೆಯವನು ಇಟ್ಟಿಗೆಯ ಗಾಡಿಯೊಂದಿಗೆ ಅಕ್ಕನ ಮನೆಯ ಮುಂದೆ ನಿಂತ. ಹಿರಿಯ ಅಳತೆಗಾರ ಪುಸ್ತಕದೊಂದಿಗೆ ನಿಂತ. ಪಕ್ಕದ ಮನೆಯಾಕೆ ಒಂದು ಕೈಯಲ್ಲಿ ಮಜ್ಜಿಗೆಯ ಚೊಂಬು ಹಿಡಿದು, ಇನ್ನೊಂದು ಕೈಯ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಿಂತಳು. ಊರಿನ ಅರ್ಧ ಜನ ಬಾಗಿಕೊಂಡು ಸುತ್ತ ನೆರೆದರು. ಅಳತೆಗಾತಿ ಕಿಟಕಿಯ ಪಕ್ಕ ನಿಂತಳು. ಒಳಗಿನಿಂದ ಅಕ್ಕ, ಗಾರೆಯವನಿಗೆ ಹಸಿವಾಗಿರಬಹುದು, ಮಜ್ಜಿಗೆ ಮೊದಲು ಅವನಿಗೆ ಕೊಡಿ ಎಂದಳು. ಗಾರೆಯವನು ಖಾಲಿ ಮನೆಗೆ ಕೈ ಮುಗಿದು, ಬೇಡ ತಾಯಿ, ಕುಡಿದು ಬಂದೆ ಎಂದ.

ಆದರೆ ನಿಯಮದಲ್ಲಿ ಒಂದು ಕ್ರಮವಿತ್ತು. ಮುಚ್ಚುವ ಬಾಗಿಲಾದರೂ ಸರಿ, ಮೊದಲು ಆ ವರ್ಷದ ಎತ್ತರಕ್ಕೆ ಇಳಿಸಬೇಕು, ಆಮೇಲೆ ಮುಚ್ಚಬೇಕು. ತಪ್ಪು ಅಳತೆಯ ಬಾಗಿಲನ್ನು ಮುಚ್ಚುವುದು ಅಪರಾಧ. ಬಡಗಿಯನ್ನು ಕರೆದರು.

ಹಲಗೆಗಳು ಚೌಕಟ್ಟಿನ ಮೇಲಿನ ಅರ್ಧದಲ್ಲಿ ಎರಡೂ ಕಡೆ ಕೊರೆದ ಸಂದಿನಲ್ಲಿ ಒಂದರ ಮೇಲೊಂದು ಕೂತಿರುತ್ತಿದ್ದವು. ಕೆಳಗೆ ಎಡಕ್ಕೊಂದು, ಬಲಕ್ಕೊಂದು ಬೆಣೆ. ಇಪ್ಪತ್ತು ಹಲಗೆಗಳ ಭಾರವೂ ಆ ಎರಡು ಬೆಣೆಗಳ ಮೇಲೆ. ಎರಡು ಬೆರಳು ಇಳಿಸುವುದಾದರೆ ಒಂದೊಂದೇ ಬೆಣೆ ಸಡಿಲಿಸಿ ಹೊಸ ಹಲಗೆ ತೂರಿಸಬಹುದು. ನಾಲ್ಕು ಬೆರಳಿಗೆ ಎರಡನ್ನೂ ಒಟ್ಟಿಗೆ ತೆಗೆಯಬೇಕು, ತೆಗೆಯುವಾಗ ಇಬ್ಬರು ಹಲಗೆಗಳನ್ನು ಎತ್ತಿ ಹಿಡಿದಿರಬೇಕು. ಇದು ಬಡಗಿಗೆ ಗೊತ್ತಿತ್ತು. ಗಾರೆಯವನಿಗೂ ಗೊತ್ತಿತ್ತು, ಅವನು ಹಿಡಿಯಲೆಂದು ಮುಂದೆ ಬಂದ.

ಬಡಗಿ ಅವನನ್ನು ದೂರ ನಿಲ್ಲಿಸಿದ. ಎಡಗಡೆಯ ಬೆಣೆಗೆ ಒಂದು ಪೆಟ್ಟು ಕೊಟ್ಟ. ಬಲಗಡೆಯ ಬೆಣೆಗೆ ಒಂದು ಪೆಟ್ಟು ಕೊಟ್ಟ. ಪಕ್ಕಕ್ಕೆ ಸರಿದ.

ಕಳೆದ ವರ್ಷದ ಹಲಗೆ ಬಿತ್ತು. ಅದರ ಹಿಂದಿನ ವರ್ಷದ್ದು ಬಿತ್ತು. ಅದರ ಹಿಂದಿನದು, ಅದರ ಹಿಂದಿನದು, ಒಂದೊಂದೇ ವರ್ಷ ಧೂಳೆಬ್ಬಿಸಿ ಹೊಸ್ತಿಲಿಗೆ ಬಿದ್ದವು. ಇಪ್ಪತ್ತನೆಯದು ಬಿದ್ದ ಮೇಲೆ ಸದ್ದು ನಿಂತಿತು. ಧೂಳಿನೊಳಗಿಂದ ಅಕ್ಕ ಹೊರಗೆ ಬಂದಳು. ಹಲಗೆಗಳ ಮೇಲೆ ಕಾಲಿಡುತ್ತ, ನೆಟ್ಟಗೆ, ಅವಸರವಿಲ್ಲದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಊರಿನವರ ತಲೆಗಳನ್ನೆಲ್ಲ ಮೇಲಿನಿಂದ ನೋಡಿ, ನಿಮ್ಮ ಬೈತಲೆಗಳು ಇಷ್ಟು ಡೊಂಕೆಂದು ಗೊತ್ತಿರಲಿಲ್ಲ ಎಂದಳು.

ಹಿರಿಯ ಅಳತೆಗಾರ ಪುಸ್ತಕ ತೆರೆದು, ಮತ್ತೆ ಮುಚ್ಚಿದ. ಪುಸ್ತಕದಲ್ಲಿ ಅಷ್ಟು ಎತ್ತರವನ್ನು ಬರೆಯಲು ಗೆರೆ ಹಾಕಿದ ಮನೆಯೇ ಇರಲಿಲ್ಲ.

“ಇದು ಗುಂಪಿಗೆ ಸೇರದ ಅಂಕಿ,” ಎಂದ. “ಎಲ್ಲೋ ಒಂದು ಹೀಗೆ ಹುಟ್ಟುತ್ತದೆ. ಇದೊಂದಕ್ಕಾಗಿ ಇಪ್ಪತ್ತು ವರ್ಷದ ಪುಸ್ತಕ ಕೆಡಿಸುವುದು ಬೇಡ. ಬಿಟ್ಟು ಲೆಕ್ಕ ಹಾಕೋಣ.”

ಅಳತೆಗಾತಿ ಮಡಿಲಿನಿಂದ ದಾರ ತೆಗೆದಳು. ಒಂದು ತುದಿಯನ್ನು ಅಕ್ಕನ ಹಿಮ್ಮಡಿಯ ಕೆಳಗೆ ಇಟ್ಟಳು. ಇನ್ನೊಂದು ತುದಿಯನ್ನು, ತುದಿಗಾಲಿನಲ್ಲಿ ನಿಂತು, ಅಕ್ಕನ ನೆತ್ತಿಯನ್ನು ದಾಟಿಸಿ ಮೇಲಕ್ಕೆ ಹಿಡಿದಳು. ಎಣಿಸಿರೆಂದು ಜನರಿಗೆ ಹೇಳಿದಳು. ಅವರು ಎಣಿಸಿದರು. ಅಕ್ಕನ ನೆತ್ತಿಯಿಂದ ಕೆಳಗೆ ಹದಿನೈದು ಗಂಟು. ಮೇಲಿನವನ್ನು ಎಣಿಸಲು ಕತ್ತೆತ್ತಬೇಕಾಯಿತು. ಎತ್ತಿದರು, ಎಷ್ಟೋ ವರ್ಷದ ಮೇಲೆ ಕತ್ತುಗಳು ಲಟಲಟ ಎಂದವು. ಮೇಲೂ ಹದಿನೈದು.

“ನಮ್ಮಕ್ಕ ಎತ್ತರದವಳಲ್ಲ,” ಎಂದಳು ಅಳತೆಗಾತಿ. “ಈ ಊರಿನ ಸರಿಯಾಗಿ ನಡುವಿನವಳು.”

ಮಲಗಿದವರ ಮಾತು ನಡೆಯದೆಂದು ಹಿರಿಯ ಅಳತೆಗಾರ ಮೆಲ್ಲಗೆ ನೆನಪಿಸಿದ. ಆಗ ಬಡಗಿ, ಸುತ್ತಿಗೆ ಕೆಳಗಿಟ್ಟು, ಮಾತಾಡಿದ.

“ನಾನು ಮಲಗಿರಲಿಲ್ಲ ಯಜಮಾನರೇ. ಕಣ್ಣು ಮುಚ್ಚಿದ್ದೆ ಅಷ್ಟೆ. ಅವಳು ಗಂಟು ಹಾಕುವಾಗ ಒಂದು ಕಣ್ಣು ತೆರೆದು ನೋಡಿದೆ. ನನ್ನದು ಮೇಲಿನಿಂದ ನಾಲ್ಕನೆಯದು.” ಹಾಗೆಂದು ಅವನು ದಾರದ ಪಕ್ಕಕ್ಕೆ ಬಂದು ನಿಂತ. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ತನ್ನ ಸೊಂಟವನ್ನೇ ಹಿಡಿದು, ಮೊಳೆ ಕೀಳುವಂತೆ ತನ್ನನ್ನು ಮೇಲೆ ಎಳೆದುಕೊಂಡ. ನೆತ್ತಿ ನಾಲ್ಕನೆಯ ಗಂಟಿಗೆ ತಾಗಿತು.

ಆಮೇಲೆ ಹಾಲು ಮಾರುವವನು ಬಂದು ತನ್ನದು ಯಾವುದೆಂದು ಕೇಳಿದ. ಗಂಟುಗಳಿಗೆ ಹೆಸರಿಲ್ಲ, ನಿಂತು ನೋಡಿಕೋ ಎಂದಳು. ಅವನು ನಿಂತು ನೋಡಿಕೊಂಡ. ಪಕ್ಕದ ಮನೆಯಾಕೆ ಚೊಂಬನ್ನು ಅಕ್ಕನ ಕೈಗೆ ಕೊಟ್ಟು, ಮಸಿಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, ಸಾಲಿನಲ್ಲಿ ನಿಂತಳು. ಗಾರೆಯವನು ಇಟ್ಟಿಗೆಯ ಗಾಡಿಯನ್ನು ತಿರುಗಿಸಿದ.

ಹಿರಿಯ ಅಳತೆಗಾರ ಕೊನೆಯವರೆಗೂ ಬಾಗಿಯೇ ಇದ್ದ. ಜನ ಸರಿದ ಮೇಲೆ ಅಳತೆಗಾತಿಯ ಹತ್ತಿರ ಬಂದು, ಎಲ್ಲಕ್ಕಿಂತ ಮೇಲಿನ ಗಂಟು ಯಾರದೆಂದು ಪಿಸುಮಾತಿನಲ್ಲಿ ಕೇಳಿದ. ಗಂಟುಗಳಿಗೆ ಹೆಸರಿಲ್ಲವೆಂದಳು ಅವಳು. ಇಪ್ಪತ್ತೊಂದನೆಯ ಮನೆಯಾಗಿ ಅಳತೆಮನೆಯೇ ಬಂದದ್ದು ಅವಳಿಗೆ ನೆನಪಾಯಿತು, ಅವನ ಹೆಂಡತಿ ಮುಗಿದ ಕೈ ನೆನಪಾಯಿತು, ಮಂಚದ ಆಚೆ ಚಾಚಿದ್ದ ಅವನ ಪಾದಗಳೂ ನೆನಪಾದವು. ಅವನು ಬಹಳ ಹೊತ್ತು ಗಂಟನ್ನು ನೋಡಿದ. ಮತ್ತೆ ಅಂಕಿಯ ಮನುಷ್ಯನಾಗಿ, ಹಾಗಾದರೆ ಮುಂದಿನ ವರ್ಷದಿಂದ ಬಾಗಿಲನ್ನು ನಿಮ್ಮ ಅಕ್ಕನ ಎತ್ತರಕ್ಕೇ ಇಡೋಣ, ಅದೇ ನಡುವಿನದಲ್ಲವೇ ಎಂದು ನ್ಯಾಯವಾಗಿ ಕೇಳಿದ.

ಅಕ್ಕ ಮಜ್ಜಿಗೆ ಕುಡಿದು ಮುಗಿಸಿ ಚೊಂಬು ಕೆಳಗಿಟ್ಟಳು. ಬಗ್ಗಲಾರದ್ದರಿಂದ ತಂಗಿಯ ಕೈಯಲ್ಲಿ ಇಡಿಸಿದಳು ಎನ್ನುವುದು ಸರಿ.

“ನಾನೊಬ್ಬಳು ದಾಟಿದರೆ ಆಯಿತೇ?” ಎಂದಳು. “ನನ್ನ ಮೇಲಿನ ಹದಿನೈದು ಗಂಟು ಎಲ್ಲಿಂದ ಹೋಗಬೇಕು ಯಜಮಾನರೇ? ಬಾಗಿಲು ಅಂದರೆ ಎಲ್ಲರಿಗಿಂತ ಉದ್ದನೆಯವನು, ತಲೆ ಮೇಲೆ ಕೊಡ ಹೊತ್ತುಕೊಂಡು, ಬೇರೆ ಏನೋ ಯೋಚನೆ ಮಾಡಿಕೊಂಡು ದಾಟುವ ಹಾಗಿರಬೇಕು.”

ಈ ಕಥೆ ಇಲ್ಲಿಗೆ ಮುಗಿಯಿತು. ಓದಿದವರು ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಹೇಳಿ. ಆದರೆ ದಾರಿಯಲ್ಲಿ ಸಿಕ್ಕವರಿಗೆ, ತಾವಾಗಿ ಬಂದು ಕೇಳಿದವರಿಗೆ ಮಾತ್ರ ಹೇಳಿ ಮುಗಿಸಬೇಡಿ. ನಿಮ್ಮ ಊರಿನ ಮನೆಗಳನ್ನೆಲ್ಲ ಚೀಟಿಯಲ್ಲಿ ಬರೆಯಿರಿ, ಖಾಲಿ ಎಂದು ಬರೆದಿರುವ ಮನೆಗಳನ್ನೂ ಬಿಡದೆ ಬರೆಯಿರಿ, ಮಡಕೆ ಕುಲುಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿ. ಯಾರು ಬಂದರೆ ಅವರ ಮನೆಗೇ ಹೋಗಿ. ಬಾಗಿಲಿಗೆ ಯಾರೂ ಬಾರದಿದ್ದರೆ ಹಿಂತಿರುಗಬೇಡಿ. ಕಿಟಕಿಯ ಬಳಿ ನಿಂತು ಹೇಳಿ.